ಸೊಟ್ಟ ಸೊನ್ನೆ

ಉಷ್ಟ್ರಪಕ್ಷಿಯ ಮರಿ ಮೊಟ್ಟೆ ಒಡೆಯುವುದಕ್ಕೆ ಎರಡು ದಿನ ಮೊದಲೇ ಮಾತಾಡುತ್ತದೆ. ಒಳಗೆ ಕತ್ತಲು, ಇಕ್ಕಟ್ಟು, ಕಾಲು ಮಡಚಿ ತಲೆಯ ಪಕ್ಕಕ್ಕೆ ಬಂದಿರುತ್ತದೆ. ಅಂಥದ್ದರಲ್ಲಿ ಮೊಟ್ಟೆಯ ತುದಿಯಲ್ಲಿರುವ ಗಾಳಿಯ ಗೂಡಿಗೆ ಕೊಕ್ಕು ತೂರಿಸಿ, ಹುಟ್ಟಿದ ಮೇಲೆ ಎಳೆಯಬೇಕಾದ ಉಸಿರನ್ನು ಹುಟ್ಟುವ ಮೊದಲೇ ಎಳೆದುಕೊಂಡು, ಸಣ್ಣಗೆ ಒಂದು ಕೂಗು ಹಾಕುತ್ತದೆ. ದಾರದ ಎಳೆಯಷ್ಟು ತೆಳ್ಳಗಿನ ಕೂಗು. ಚಿಪ್ಪೋ, ಪಿಂಗಾಣಿ ಬಟ್ಟಲಿನಷ್ಟು ದಪ್ಪ. ಕೇಳಬೇಕಾದರೆ ಉಗುರಿನಿಂದ ಮೂರು ಸಲ ತಟ್ಟಿ, ಕಿವಿ ಒತ್ತಿ, ಉಸಿರು ಹಿಡಿದು ಕಾಯಬೇಕು. ಬದುಕಿರುವ ಮರಿ ಉತ್ತರ ಕೊಡುತ್ತದೆ.

ಹಾಗೆ ತಟ್ಟಿ ಕೇಳುವ ಕೆಲಸ ಆ ಫಾರಮ್ಮಿನಲ್ಲಿ ಮೂವತ್ತೊಂದು ವರ್ಷದಿಂದ ಮೊಟ್ಟೆಯಕ್ಕನದು. ಅವಳಿಗೆ ಬೇರೆ ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ತೀರಿಹೋಗಿದ್ದರು. ಯಜಮಾನರ ಅಪ್ಪ ಆರೇ ಆರು ಹಕ್ಕಿ ತಂದು ಬೇಲಿ ಕಟ್ಟಿಸಿದ ದಿನದಿಂದ ಅವಳು ಅಲ್ಲಿದ್ದಳು. ಈಗ ಎಂಬತ್ತು ಹಕ್ಕಿ, ಹದಿನಾಲ್ಕು ಒಂಟೆ, ಉದ್ದ ಕತ್ತಿನ ಉಣ್ಣೆಯ ಪ್ರಾಣಿಗಳು ಒಂದಷ್ಟು, ಅವನ್ನೆಲ್ಲ ನೋಡಲು ಬಸ್ಸು ತುಂಬ ಬರುವ ಶಾಲೆಯ ಮಕ್ಕಳು.

ಕಾವಿನ ಕೋಣೆ ಫಾರಮ್ಮಿನ ಒಂದು ಮೂಲೆಯಲ್ಲಿತ್ತು. ಬಾಗಿಲಲ್ಲಿ ಕಾಲು ಅದ್ದಿ ಬರಲು ಔಷಧದ ನೀರಿನ ತೊಟ್ಟಿ, ಒಳಗೆ ಗೋಡೆಯುದ್ದಕ್ಕೂ ಕಾವುಪೆಟ್ಟಿಗೆಗಳು, ನಡುವೆ ಕಂಬಳಿ ಹಾಸಿದ ಕಬ್ಬಿಣದ ಮೇಜು. ಮೊಟ್ಟೆ ಪೆಟ್ಟಿಗೆಯಲ್ಲಿ ನಲವತ್ತೆರಡು ದಿನ ಇರಬೇಕು. ನಲವತ್ತನೆಯ ದಿನಕ್ಕೆ ಆ ಕೋಣೆಯಲ್ಲಿ ಮಾತಿನ ದಿನ ಎಂದು ಹೆಸರು. ವಾರಕ್ಕೊಂದು ಸರದಿ ಮೊಟ್ಟೆ ಕಾವಿಗಿಡುತ್ತಿದ್ದರು, ಆದ್ದರಿಂದ ವಾರಕ್ಕೊಂದು ಮಾತಿನ ದಿನ. ಅಂದು ಮೊಟ್ಟೆಯಕ್ಕ ಒಂದೊಂದನ್ನೇ ಮೇಜಿಗಿಟ್ಟು ತಟ್ಟುವಳು. ಉತ್ತರ ಬಂದರೆ ಸೀಸದ ಕಡ್ಡಿಯಲ್ಲಿ ಚಿಪ್ಪಿನ ಮೇಲೆ ಒಂದು ಸೊನ್ನೆ, ಬರದಿದ್ದರೆ ಒಂದು ಅಡ್ಡಗೀಟು. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳ ಬರವಣಿಗೆ ಅಷ್ಟೇ. ಆದರೆ ಆ ಸೊನ್ನೆ ಬಳೆಯಿಟ್ಟು ಗೀಚಿದಷ್ಟು ದುಂಡಗಿರುತ್ತಿತ್ತು. ಗೀಟು ಬಿದ್ದದ್ದನ್ನು ಅಂದೇ ಹೊರಗೆ ಸಾಗಿಸಿ, ಹಿಂದಿನ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು. ಸತ್ತದ್ದು ಕಾವಿನಲ್ಲಿ ಕೊಳೆತು ಸಿಡಿದರೆ ಇಡೀ ಪೆಟ್ಟಿಗೆಯೇ ಹಾಳು.

ಸಾಗಿಸುವ ಕೆಲಸ ನಾದಿನಿಯದು. ನಾದಿನಿ ಎಂದರೆ ಮೊಟ್ಟೆಯಕ್ಕನ ಗಂಡನ ತಂಗಿ. ಇಬ್ಬರ ಗಂಡಂದಿರೂ ಹೋಗಿ, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ ಇಬ್ಬರೂ ಫಾರಮ್ಮಿನ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದರು. ಅತ್ತಿಗೆಗೆ ಕಿವಿ ಕೊಟ್ಟ ದೇವರು ನಾದಿನಿಗೆ ಬಾಯಿ ಕೊಟ್ಟ ಎಂದು ಫಾರಮ್ಮಿನವರು ಆಡಿಕೊಳ್ಳುತ್ತಿದ್ದರು. ಅವಳು ಗುಡಿಸುತ್ತ, ತೊಟ್ಟಿ ತೊಳೆಯುತ್ತ, ಮರಿಗಳಿಗೆ ಸೊಪ್ಪು ಹೆಚ್ಚುತ್ತ ಮಾತಾಡುವಳು. ನಿದ್ದೆಯಲ್ಲೂ ಮಾತಾಡುತ್ತಾಳೆ, ಅದೂ ಪೂರ್ತಿ ವಾಕ್ಯ ಎಂದು ಮೊಟ್ಟೆಯಕ್ಕನೇ ಹೇಳಿದ್ದಳು.

ಬಂದವರಿಗೆ ಫಾರಮ್ಮು ತೋರಿಸುವವನನ್ನು ಎಲ್ಲರೂ ಮೈಕಿನಣ್ಣ ಎನ್ನುತ್ತಿದ್ದರು. ಹೆಗಲಿಗೆ ಧ್ವನಿಪೆಟ್ಟಿಗೆ, ಬಾಯಿಯ ಮುಂದೆ ಮೈಕು. ಒಂಟೆಯ ಡುಬ್ಬದಲ್ಲಿರುವುದು ನೀರಲ್ಲ ಮಕ್ಕಳೇ, ಕೊಬ್ಬು. ಹಕ್ಕಿ ಮಣ್ಣಿನಲ್ಲಿ ತಲೆ ಹೂತುಕೊಳ್ಳುವುದಿಲ್ಲ, ಮೊಟ್ಟೆ ತಿರುಗಿಸಲು ತಲೆ ಬಗ್ಗಿಸುತ್ತದೆ. ಅದರ ಕಣ್ಣು ಅದರ ಮಿದುಳಿಗಿಂತ ದೊಡ್ಡದು. ಹಗಲು ಹೆಣ್ಣು ಕಾವು ಕೂತರೆ ರಾತ್ರಿ ಗಂಡು ಕೂರುತ್ತದೆ. ಈ ಕೊನೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ನಾದಿನಿ, ನಮ್ಮಣ್ಣನನ್ನು ಒಂದು ರಾತ್ರಿ ಕೂರಿಸಿ ನೋಡಬೇಕಿತ್ತು, ಬೆಳಗಾಗುವಷ್ಟರಲ್ಲಿ ಗೊರಕೆಗೇ ಚಿಪ್ಪು ಬಿರಿಯುತ್ತಿತ್ತು ಎನ್ನುವಳು. ಎಲ್ಲ ಸುತ್ತಿ ಮೈಕಿನಣ್ಣ ಕಾವಿನ ಕೋಣೆಯ ಗಾಜಿನ ಕಿಟಕಿಗೆ ಬಂದು ನಿಲ್ಲುವನು. ಇಗೋ, ಹುಟ್ಟದ ಮರಿಯ ಮಾತು ಕೇಳುವವರು ಇವರೊಬ್ಬರೇ ಎನ್ನುವನು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುವರು. ಮೊಟ್ಟೆಯಕ್ಕ ತಲೆಯೆತ್ತಿ ಕೈಬೀಸುವಳು. ಹೊಗಳಿಕೆ ಅಂತ ಅವಳ ಬಾಳಿನಲ್ಲಿ ಬಂದದ್ದು ಆ ಗಾಜಿನ ದಾರಿಯಲ್ಲೇ.

ಹೋದ ಚಳಿಗಾಲದಲ್ಲಿ ಅವಳಿಗೆ ಮೊದಲು ಅನುಮಾನ ಬಂತು. ಕುಕ್ಕರು ಕೂಗಿದ್ದು ತಿಳಿಯದೆ ಬೇಳೆ ಸೀದುಹೋಯಿತು. ಬೆನ್ನ ಹಿಂದೆ ಯಾರಾದರೂ ಬಂದರೆ ಬೆಚ್ಚಿಬೀಳತೊಡಗಿದಳು, ಸ್ಟೂಲನ್ನು ಬಾಗಿಲ ಕಡೆಗೆ ತಿರುಗಿಸಿ ಹಾಕಿಕೊಂಡಳು. ಗಡಸು ದನಿಗಳು ಕೇಳುತ್ತಿದ್ದವು, ಸಣ್ಣವು ಮಾತ್ರ ಒಂದೊಂದಾಗಿ ಕಳಚಿಕೊಂಡವು. ಮೊಟ್ಟೆಗೆ ಕಿವಿಯಿಟ್ಟಾಗ ಮೊದಲಿನಂತೆ ಪಟ್ಟನೆ ಉತ್ತರ ಬರುತ್ತಿರಲಿಲ್ಲ. ಈ ವರ್ಷದ ಮರಿಗಳು ಸಂಕೋಚದವು ಎಂದು ತನಗೆ ತಾನೇ ಹೇಳಿಕೊಂಡಳು. ಯಾರಿಗೂ ಬಾಯಿಬಿಡಲಿಲ್ಲ. ಕಿವಿ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ಮೊಟ್ಟೆಯಕ್ಕ ಎನ್ನುವವಳು ಉಳಿಯುವುದಿಲ್ಲ, ಸುಮ್ಮನೆ ಒಬ್ಬ ಮುದುಕಿ ಉಳಿಯುತ್ತಾಳೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ದಿನ ದೂಡಿದಳು.

ಧೈರ್ಯ ಕೊಡಲು ಒಂದು ಆಧಾರವೂ ಇತ್ತು. ಮರಿಗಳೇನೂ ಕಡಿಮೆಯಾಗಿರಲಿಲ್ಲ. ಹೋದ ವರ್ಷ ಎಷ್ಟು ಒಡೆದಿದ್ದವೋ ಈ ವರ್ಷವೂ ಅಷ್ಟೇ. ಹಾಗಾದರೆ ಕಿವಿ ಸರಿಯಾಗಿಯೇ ಇರಬೇಕಲ್ಲ. ಒಂದೇ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿತ್ತು. ಸೊನ್ನೆ ಬಿದ್ದವನ್ನು ಒಡೆಯಲು ಇಡುವ ಮರಿಪೆಟ್ಟಿಗೆ ತೆಗೆದಾಗ ಕೆಲವು ಮೊಟ್ಟೆಗಳ ಮೇಲಿನ ಸೊನ್ನೆ ಸೊಟ್ಟಗಿರುತ್ತಿತ್ತು, ಒಂದು ಕಡೆ ಸೊಂಟ ಮುರಿದ ಬದನೆಕಾಯಿಯ ಹಾಗೆ. ತನ್ನ ಕೈಯೂ ನಡುಗಲು ಶುರುವಾಯಿತೇ ಎಂದು ಬೆರಳುಗಳನ್ನು ಚಾಚಿ ನೋಡಿಕೊಂಡಿದ್ದಳು. ಬೆರಳು ಅಲುಗುತ್ತಿರಲಿಲ್ಲ. ಬರೆಯುವಾಗ ಮಾತ್ರ ನಡುಗುತ್ತದೇನೋ ಎಂದುಕೊಂಡು ಸುಮ್ಮನಾದಳು.

ಅಷ್ಟರಲ್ಲಿ ನಾದಿನಿಯ ಮಗಳಿಗೆ ಎರಡನೇ ಹೆರಿಗೆಯ ದಿನ ತುಂಬಿತು. ನಾದಿನಿ ಹನ್ನೆರಡು ದಿನಕ್ಕೆಂದು ಹೊರಟಳು, ಆದರೆ ಬಸ್ಸಿಗೆ ಹೊತ್ತಾದರೂ ಹೊಸಿಲು ದಾಟಲೊಲ್ಲಳು. ಈ ವಾರ ಗೀಟು ಹಾಕಿದ್ದನ್ನು ಒಂದು ದಿನ ತಡೆದು ಹೊರಗೆ ಕಳಿಸು ಎಂದಳು. ಯಾಕೆ ಎಂದು ಕೇಳಿದರೆ, ಸುಮ್ಮನೆ ಹೇಳಿದೆ, ಮೈಗಳ್ಳ ಮರಿಗಳು ತಡವಾಗಿ ಏಳುತ್ತವೆ ಎಂದಳು. ಮೂವತ್ತೊಂದು ವರ್ಷ ಕೇಳಿದವಳಿಗೆ ತೊಟ್ಟಿ ತೊಳೆಯುವವಳ ಬುದ್ಧಿವಾದವೇ ಎಂದು ಮೊಟ್ಟೆಯಕ್ಕನಿಗೆ ಸಿಟ್ಟು ಬಂತು. ನಿನ್ನ ಮಗಳ ಹೆರಿಗೆ ನೋಡಿಕೋ, ಇಲ್ಲಿಯದು ನನಗಿರಲಿ ಎಂದು ಚೀಲ ಎತ್ತಿ ಕೈಗಿಟ್ಟಳು.

ಮೊದಲ ಮಾತಿನ ದಿನ ಹನ್ನೊಂದು ಮೊಟ್ಟೆಗಳಲ್ಲಿ ಮೂರಕ್ಕೆ ಗೀಟು ಬಿತ್ತು. ಬಕೆಟ್ಟು ಹೊರಲು ಮೈಕಿನಣ್ಣನನ್ನು ಕರೆದಳು. ಅವನು ಧ್ವನಿಪೆಟ್ಟಿಗೆಯಲ್ಲಿ ಹಾಡು ಹಾಕಿಕೊಂಡೇ ಒಯ್ದು, ಗುಂಡಿಗಿಳಿಸಿ, ಸುಣ್ಣ ಸುರಿದು ಬಂದ.

ಎರಡನೆಯ ಮಾತಿನ ದಿನ ಒಂಬತ್ತರಲ್ಲಿ ನಾಲ್ಕಕ್ಕೆ ಗೀಟು. ಮೈಕಿನಣ್ಣ ಎರಡು ಬಸ್ಸಿನ ಮಕ್ಕಳ ನಡುವೆ ಸಿಕ್ಕಿಬಿದ್ದಿದ್ದ. ಮೊಟ್ಟೆಯಕ್ಕ ತಾನೇ ಬಕೆಟ್ಟು ಹಿಡಿದು ಹೊರಟಳು. ಒಂದೊಂದು ಮೊಟ್ಟೆ ಒಂದೂವರೆ ಸೇರು ಅಕ್ಕಿಯಷ್ಟು ಭಾರ. ಒಂಟೆಗಳ ಬೇಲಿಯವರೆಗೆ ಬರುವಷ್ಟರಲ್ಲಿ ಏದುಸಿರು ಬಂದು ಬಕೆಟ್ಟು ಕೆಳಗಿಟ್ಟಳು.

ಬೇಲಿಯೊಳಗೆ ಮುನಿಸಮ್ಮ ಇದ್ದಳು. ಹೆಸರಿಗೆ ತಕ್ಕ ಮುದಿ ಹೆಣ್ಣೊಂಟೆ. ಯಾರ ಹತ್ತಿರವೂ ಬಾರಳು, ಕರೆದರೆ ಮುಖ ತಿರುಗಿಸುವಳು, ಆರು ವರ್ಷದ ಹಿಂದೆ ಬೈದವನನ್ನು ಇವತ್ತಿಗೂ ಕಂಡರೆ ಉಗಿಯುವಳು. ಅಂಥವಳು ಅತ್ತಲಿಂದ ನಿಧಾನವಾಗಿ ನಡೆದು ಬಂದು, ಬೇಲಿಯ ಮೇಲಿಂದ ಉದ್ದನೆಯ ಕತ್ತನ್ನು ಇಳಿಬಿಟ್ಟು ಬಕೆಟ್ಟಿನ ಮೇಲೆ ಮುಖ ಹಿಡಿದಳು. ಮೇವೇನೋ ಎಂದು ಮೂಸುತ್ತಿದ್ದಾಳೆ ಎಂದುಕೊಂಡು ಮೊಟ್ಟೆಯಕ್ಕ ಕೈಯಾಡಿಸಿ ಓಡಿಸಿದಳು. ಒಂಟೆ ಕದಲಲಿಲ್ಲ. ಮೂಸುತ್ತಲೂ ಇರಲಿಲ್ಲ. ಅದರ ರೋಮ ತುಂಬಿದ ಚಿಕ್ಕ ಕಿವಿಗಳೆರಡೂ ಮುಂದಕ್ಕೆ ಬಾಗಿ, ಒಮ್ಮೆ ನಿಂತು, ಮತ್ತೆ ಬಾಗಿದವು. ಗಂಟಲ ಗಂಟು ಮೇಲೆ ಕೆಳಗೆ ಆಡಿತು. ಮೊಟ್ಟೆಯಕ್ಕ ಅದರ ಕತ್ತಿನ ಮೇಲೆ ಅಂಗೈ ಇಟ್ಟಳು. ಒಳಗೆ ಗುಂಯ್ ಎಂದು ನಡುಗುತ್ತಿತ್ತು. ತಾಯಿ ಒಂಟೆ ಈಗಷ್ಟೇ ಹುಟ್ಟಿದ ಮರಿಯ ಜೊತೆ ಹಾಗೆ ಗುನುಗುತ್ತದೆ. ಮುನಿಸಮ್ಮ ಮರಿ ಹಾಕಿ ಎಷ್ಟೋ ವರ್ಷವಾಗಿತ್ತು.

ಅವಳು ಯಾರಿಗೆ ಉತ್ತರ ಕೊಡುತ್ತಿದ್ದಾಳೆ?

ಮೊಟ್ಟೆಯಕ್ಕ ಬಕೆಟ್ಟಿನತ್ತ ತಿರುಗಿದಳು. ಅಲ್ಲೇ ನೆಲದ ಮೇಲೆ ಕೂತು ಒಂದು ಮೊಟ್ಟೆ ತೆಗೆದು ಕಿವಿಗಿಟ್ಟಳು. ಏನೂ ಇಲ್ಲ. ಆಮೇಲೆ, ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯದು, ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಕೆನ್ನೆಯ ಮೂಳೆಗೆ ಟಕ್ ಎಂದು ತಾಗಿತು. ಮತ್ತೆ ಟಕ್. ಕೇಳಿಸಿದ್ದಲ್ಲ, ತಾಗಿದ್ದು. ಉಷ್ಟ್ರಪಕ್ಷಿಯ ಮರಿಗೆ ಕೋಳಿಮರಿಯ ಹಾಗೆ ಚಿಪ್ಪು ಕೊರೆಯಲು ಕೊಕ್ಕಿನ ತುದಿಯಲ್ಲಿ ಹಲ್ಲಿರುವುದಿಲ್ಲ, ಕತ್ತಿನಿಂದ ಒತ್ತಿ ಕಾಲಿನಿಂದ ಒದ್ದೇ ಬರಬೇಕು. ಒಳಗಿರುವುದು ಒದೆಯುತ್ತಿತ್ತು. ಎರಡನೆಯದೂ ಒದೆಯಿತು. ಮೂರನೆಯದು, ನಾಲ್ಕನೆಯದು ತಾಗಲಿಲ್ಲ. ಇಲ್ಲವೆಂದೋ, ಇದ್ದೂ ಸುಮ್ಮನಿವೆ ಎಂದೋ ಹೇಳಲು ಅವಳಿಂದ ಆಗಲಿಲ್ಲ.

ನಾಲ್ಕನ್ನೂ ಸೆರಗಿನಲ್ಲಿ ಸುತ್ತಿ ಕೋಣೆಗೆ ತಂದು, ಬೇರೆಯದೇ ಒಂದು ಪುಟ್ಟ ಕಾವುಪೆಟ್ಟಿಗೆಯಲ್ಲಿಟ್ಟಳು. ಗೀಟು ಅಳಿಸಲು ಒದ್ದೆ ಬಟ್ಟೆ ತೆಗೆದುಕೊಂಡಳು. ಒರೆಸಿ, ಸೊನ್ನೆ ಬರೆಯಲು ಕಡ್ಡಿ ಎತ್ತಿದವಳು ಅಲ್ಲಿಗೇ ನಿಂತಳು. ಚಿಪ್ಪಿನ ಮೇಲೆ ಅಳಿಸಿದ ಗೀಟಿನ ಮಸುಕು ಉಳಿದಿತ್ತು. ಆ ಮಸುಕನ್ನು ಅವಳು ಮೊದಲೂ ಕಂಡಿದ್ದಳು. ಸೊಟ್ಟ ಸೊನ್ನೆಗಳ ಕೆಳಗೆ.

ನಡುಗಿದ್ದು ಅವಳ ಕೈಯಲ್ಲ. ಆ ಕೈಯೇ ಬೇರೆ.

ಹೊಸಿಲಲ್ಲಿ ನಿಂತು ನಾದಿನಿ, ಒಂದು ದಿನ ತಡೆದು ಕಳಿಸು ಎಂದಿದ್ದ ಮಾತು ಈಗ ಪೂರ್ತಿಯಾಗಿ ಕೇಳಿಸಿತು. ಅದರ ಬೆನ್ನಿಗೇ ಹೋದ ವಾರದ ಮೂರು ಮೊಟ್ಟೆಗಳು ನೆನಪಾದವು. ಬಾಗಿಲು ತೆರೆದಿಟ್ಟೇ ಗುಂಡಿಯ ಹತ್ತಿರ ಓಡಿದಳು. ಸುಣ್ಣ ಮಳೆಹನಿ ಕುಡಿದು ಗಾರೆಯಂತೆ ಗಟ್ಟಿಯಾಗಿತ್ತು. ಅವು ಬದುಕಿದ್ದವೋ ಇಲ್ಲವೋ, ಇನ್ನು ಅದನ್ನು ಹೇಳಬಲ್ಲವರು ಯಾರೂ ಇಲ್ಲ. ಅವಳು ಕೋಣೆಯ ಬಾಗಿಲಿಗೆ ಮರಳಿ ಬಂದಳು. ಆಮೇಲೆ ಕಾಲು ಅದ್ದದೆ ಒಳಗೆ ಹೋಗಬಾರದು ಎಂಬ ನೆನಪಿನಿಂದ ತೊಟ್ಟಿಯಲ್ಲಿ ಕಾಲದ್ದಿ, ಒಳಗೆ ಹೋಗದೆ, ಹಾಗೇ ಒದ್ದೆಗಾಲಲ್ಲಿ ಯಜಮಾನರ ಆಫೀಸಿಗೆ ನಡೆದಳು.

ಯಜಮಾನರು ನಲವತ್ತರ ಆಸುಪಾಸಿನ ಮೃದು ಮನುಷ್ಯ. ಚಿಕ್ಕಂದಿನಲ್ಲಿ ಮೊಟ್ಟೆಯಕ್ಕನ ಸ್ಟೂಲಿನ ಪಕ್ಕ ಕೂತು ಮರಿ ಒಡೆಯುವುದನ್ನು ನೋಡಿ ಬೆಳೆದವರು. ಅವಳು ನಿಂತೇ ಎಲ್ಲ ಹೇಳಿದಳು: ಚಳಿಗಾಲ, ಕುಕ್ಕರು, ಸಂಕೋಚದ ಮರಿಗಳು, ಒಂಟೆ. ನಾದಿನಿಯ ಸೊನ್ನೆಯ ವಿಷಯ ಮಾತ್ರ ಹೇಳಲಿಲ್ಲ. ಅದು ಮನೆಯ ಮಾತು, ಮೊದಲು ಮನೆಯಲ್ಲಿ ಆಡಬೇಕು.

ಯಜಮಾನರು ಮೇಜಿನ ಮೇಲಿದ್ದ ಕನ್ನಡಕವನ್ನು ಒರೆಸಿದ್ದೇ ಒರೆಸಿದರು.

“ಇರಲಿ ಬಿಡಕ್ಕ. ವರ್ಷಕ್ಕೆ ಒಂದಷ್ಟು ಮೊಟ್ಟೆ ಹೋಗೋದು ಇದ್ದದ್ದೇ.”

“ಹೋಗೋದು ಬೇರೆ, ಕಳಿಸೋದು ಬೇರೆ” ಎಂದಳು ಮೊಟ್ಟೆಯಕ್ಕ.

ಯಜಮಾನರು ಕನ್ನಡಕ ಹಾಕಿಕೊಂಡರು. ಕಿವಿಗೆ ಮಷೀನು ಕೊಡಿಸುತ್ತೇನೆ, ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದರು. ಮಷೀನು ಆಮೇಲೆ ನೋಡೋಣ, ಮುಂದಿನ ಮಾತಿನ ದಿನಕ್ಕೆ ಬೇರೆ ಕಿವಿ ನೋಡಿ ಎಂದು ಹೇಳಿ ಅವಳು ಹೊರಬಂದಳು. ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ಅವಳಿಗೇನೂ ಹಗುರವಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಾದಿನಿ ಬಂದಳು. ಗೇಟಿನಿಂದಲೇ ಶುರು. ಮಗು ಹೆಣ್ಣು, ಮೂಗು ಥೇಟ್ ನಮ್ಮಣ್ಣನದು, ಪಾಪ ಏನು ಮಾಡೋಕಾಗುತ್ತೆ, ಬಸ್ಸಿನಲ್ಲಿ ಪಕ್ಕದವನು ದಾರಿಯುದ್ದಕ್ಕೂ ತಲೆ ತಿಂದ ಎಂದು ದೂರಿದಳು. ಬಸ್ಸಿನ ಆ ಪಕ್ಕದವನ ಮೇಲೆ ಮೊಟ್ಟೆಯಕ್ಕನಿಗೆ ಕನಿಕರ ಬಂತು, ಹೇಳಲಿಲ್ಲ. ಚೀಲ ಇಳಿಸಲೂ ಬಿಡದೆ ಕಾವಿನ ಕೋಣೆಗೆ ಕರೆದೊಯ್ದು, ಮರಿಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಒಡೆದ ಚಿಪ್ಪಿನ ಚೂರೊಂದನ್ನು ಕೈಗಿಟ್ಟಳು. ಅದರ ಮೇಲೆ ಸೊಟ್ಟ ಸೊನ್ನೆ, ಕೆಳಗೆ ಗೀಟಿನ ಮಸುಕು.

ನಾದಿನಿಯ ಬಾಯಿ ನಿಂತಿತು.

“ಯಾವಾಗಿಂದ?” ಎಂದಳು ಮೊಟ್ಟೆಯಕ್ಕ.

“ಚಳಿಗಾಲದಿಂದ. ಒಂದಿನ ಬಕೆಟ್ಟಲ್ಲಿ ಕೂಗ್ತಿತ್ತು.”

“ಎಷ್ಟು?”

“ಎಣಿಸಲಿಲ್ಲ.” ಆಮೇಲೆ ತಡೆದು, “ಹದಿನೇಳು” ಎಂದಳು.

“ನನಗೆ ಹೇಳಬಾರದಿತ್ತಾ?”

“ಹೇಳೋಕೇ ಬಂದೆ ಅತ್ತಿಗೆ. ಬಂದಾಗ ನೀನು ಗಾಜಿನ ಆಚೆ ಮಕ್ಕಳಿಗೆ ಕೈ ಬೀಸ್ತಿದ್ದೆ. ಹಂಗೇ ವಾಪಸ್ ಹೋದೆ.”

ಮೊಟ್ಟೆಯಕ್ಕ ಸ್ಟೂಲಿನ ಮೇಲೆ ಕೂತಳು. “ನಲವತ್ತು ವರ್ಷ ಲೋಕದ ಸುದ್ದಿಯೆಲ್ಲ ನನ್ನ ಕಿವಿಗೆ ಸುರಿದೆ. ಇದೊಂದನ್ನ ಹೊಟ್ಟೇಲಿ ಇಟ್ಕೊಂಡೆ.”

“ನನ್ನ ಹೊಟ್ಟೇಲಿ ಜಾಗ ಇದೆ ಅಂತ ನನಗೂ ಗೊತ್ತಿರಲಿಲ್ಲ.”

ಹೋದ ವಾರದ ಮೂರರ ವಿಷಯವನ್ನೂ ಯಜಮಾನರ ಮಷೀನಿನ ಮಾತನ್ನೂ ಆಗ ಮೊಟ್ಟೆಯಕ್ಕ ಹೇಳಿದಳು. ನಾದಿನಿ ಚಿಪ್ಪಿನ ಚೂರನ್ನು ತಿರುಗಿಸುತ್ತ ತಲೆ ತಗ್ಗಿಸಿದಳು. ತಪ್ಪಿನಲ್ಲಿ ತನ್ನದೂ ಪಾಲಿದೆ, ಹೋಗುವಾಗ ಬಿಡಿಸಿ ಹೇಳಿದ್ದರೆ ಉಳಿಯುತ್ತಿದ್ದವೇನೋ ಎಂದಳು. ಹೌದು ಎಂದಳು ಮೊಟ್ಟೆಯಕ್ಕ. ಅಲ್ಲ ಎಂದು ಸಮಾಧಾನ ಮಾಡುವ ಅಭ್ಯಾಸ ಅವರ ನಡುವೆ ಇರಲಿಲ್ಲ. ಇಬ್ಬರೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಾದಿನಿಯೇ ಮೊದಲು ಎದ್ದು, ಯಜಮಾನರು ಮಷೀನು ಕೊಡಿಸಿದರೂ ಪ್ರಯೋಜನವಿಲ್ಲ, ಹೊಳೆಯುವ ಸಾಮಾನು ಕಂಡರೆ ಈ ಹಕ್ಕಿಗಳು ಬಿಡುತ್ತವೆಯೇ, ಮಾರನೆಯ ದಿನ ನಿನ್ನ ಕಿವಿ ಅವುಗಳ ಹೊಟ್ಟೆಯಲ್ಲಿರುತ್ತದೆ ಎಂದಳು.

ಪುಟ್ಟ ಪೆಟ್ಟಿಗೆಯಿಂದ ಆ ನಾಲ್ಕು ಮೊಟ್ಟೆಗಳನ್ನು ಮೇಜಿನ ಕಂಬಳಿಯ ಮೇಲಿಟ್ಟರು. ನೀನು ಕೇಳು ಎಂದಳು ಮೊಟ್ಟೆಯಕ್ಕ. ನಾದಿನಿ ತಟ್ಟಿದಳು. ಹಾಗಲ್ಲ, ಉಗುರಿನಿಂದ, ಬೆರಳಿನಿಂದಲ್ಲ. ಮೂರೇ ಸಲ. ಬಾಗಿಲು ತಟ್ಟಿದ ಮೇಲೆ ಒಳಗಿನವರಿಗೆ ಏಳಲು ಹೊತ್ತು ಕೊಡುವುದಿಲ್ಲವೇ, ಹಾಗೆ ಕಾಯಬೇಕು. ಮತ್ತೆ, ಬಾಯಿ.

“ಬಾಯಿಗೇನಾಯ್ತು?”

“ಅದನ್ನ ಮುಚ್ಚಬೇಕು.”

ಮೊದಲಿನ ಎರಡು ಆಗಲೇ ಜೋರಾಗಿ ಕೂಗುತ್ತಿದ್ದವು, ಒಂದರ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕೂ ಕಂಡಿತ್ತು. ಅದನ್ನು ಕಂಡ ನಾದಿನಿ ಉಗುರಿನಿಂದ ಬಿಡಿಸಲು ಹೋದಳು. ಮೊಟ್ಟೆಯಕ್ಕ ಅವಳ ಕೈ ಹಿಡಿದಳು. ಹೊಕ್ಕುಳು ಒಣಗಿರುವುದಿಲ್ಲ, ಹೊರಗಿನವರು ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ, ಅದೇ ಒದ್ದು ಬರಲಿ ಎಂದಳು. ಮೂರನೆಯದಕ್ಕೆ ನಾದಿನಿ ಕಿವಿಯಿಟ್ಟು ಬಹಳ ಹೊತ್ತು ಕಾದಳು. ಮುಖ ಒಮ್ಮೆಲೇ ಅರಳಿತು. ಇದೆ ಎಂದು ಬಾಯಿಯಿಂದಲ್ಲ, ಕಣ್ಣಿನಿಂದ ಹೇಳಿದಳು. ನಾಲ್ಕನೆಯದಕ್ಕೆ ಕಿವಿಯಿಟ್ಟಳು, ಮತ್ತೆ ತಟ್ಟಿದಳು, ತಿರುಗಿಸಿ ಇನ್ನೊಂದು ಕಿವಿಯಿಟ್ಟಳು. ಅತ್ತಿಗೆಯ ಮುಖ ನೋಡದೆ ತಲೆ ಆಡಿಸಿದಳು. ಮೊಟ್ಟೆಯಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡು ತಾನೂ ಕಾದಳು. ಆಮೇಲೆ ಅಡ್ಡಗೀಟನ್ನು ತಾನೇ ಎಳೆದಳು. ಅದನ್ನು ಗುಂಡಿಗೆ ಒಯ್ದಾಗ ಬೇಲಿಯ ಹತ್ತಿರ ನಿಂತು ಹೋದಳು. ಮುನಿಸಮ್ಮ ಇತ್ತ ನೋಡಿ, ಮುಖ ತಿರುಗಿಸಿಕೊಂಡಳು.

ಮೂರು ಮರಿಗಳೂ ಎದ್ದವು. ಹಂದಿಯ ಕೂದಲಂಥ ಪುಕ್ಕ, ಕಾಲಿಗೆ ಎರಡೇ ಬೆರಳು, ಮೈತುಂಬ ಅಚ್ಚರಿ. ಹುಟ್ಟಿದ ಮರಿ ಮೊದಲು ಯಾರ ದನಿ ಕೇಳುತ್ತದೋ ಅವರ ಹಿಂದೆಯೇ ಹೋಗುತ್ತದೆ. ಆ ಮೂರೂ ನಾದಿನಿಯ ಹಿಂದೆ ಹೋದವು, ಅದರಲ್ಲಿ ಯಾರಿಗೂ ಅಚ್ಚರಿಯಿರಲಿಲ್ಲ.

ಮುಂದಿನ ಮಾತಿನ ದಿನ ಯಜಮಾನರು ಬೇರೆ ಕಿವಿ ಹುಡುಕಲಿಲ್ಲ. ಇಬ್ಬರೂ ಸೇರಿ ಏನು ಮಾಡುತ್ತೀರೋ ಮಾಡಿ ಎಂದರು. ಮೇಜಿನ ಒಂದು ಬದಿಗೆ ಮೊಟ್ಟೆಯಕ್ಕ, ಇನ್ನೊಂದು ಬದಿಗೆ ನಾದಿನಿ. ಮೊಟ್ಟೆಯಕ್ಕ ಮೊಟ್ಟೆ ತೂಗಿ, ತಿರುಗಿಸಿ, ಗಾಳಿಯ ಗೂಡಿರುವ ತುದಿಯನ್ನು ಅವಳ ಕಡೆಗೆ ಮಾಡಿ ಕೊಡುತ್ತಿದ್ದಳು. ಗಾಜಿನ ಆಚೆ ಮೈಕಿನಣ್ಣ ಮಕ್ಕಳ ಹಿಂಡು ಕಟ್ಟಿಕೊಂಡು ಬಂದು ನಿಂತ. ಅವನ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಬಾಯಿ ಆಡುವ ರೀತಿಯಲ್ಲೇ ಗೊತ್ತು: ಹುಟ್ಟದ ಮರಿಯ ಮಾತು ಕೇಳುವವರು ಇವರೊಬ್ಬರೇ. ಮಕ್ಕಳ ಮೂಗು ಗಾಜಿಗೆ ಒತ್ತಿಕೊಂಡವು.

ಮೊಟ್ಟೆಯಕ್ಕ ಬೀಸಲು ಎತ್ತಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ಬೆರಳು ಮಡಿಸಿ, ಒಂದನ್ನೇ ಚಾಚಿ, ನಾದಿನಿಯ ಕಡೆಗೆ ತೋರಿಸಿದಳು.

ಮಕ್ಕಳ ಕಣ್ಣುಗಳೆಲ್ಲ ಅತ್ತ ತಿರುಗಿದವು. ನಾದಿನಿಗೆ ಅದು ಗೊತ್ತಾಗಲಿಲ್ಲ. ಅವಳು ಚಿಪ್ಪಿಗೆ ಕಿವಿಯೊತ್ತಿ, ಕಣ್ಣು ಮುಚ್ಚಿ, ತುಟಿ ಬಿಗಿದು, ಜನ್ಮದಲ್ಲೇ ಇರದಷ್ಟು ಹೊತ್ತು ಸುಮ್ಮನಿದ್ದಳು. ಕೊನೆಗೆ ತಲೆಯೆತ್ತಿ ಕಡ್ಡಿಗೆ ಕೈಚಾಚಿದಳು. ಮೊಟ್ಟೆಯಕ್ಕ ಕೊಟ್ಟಳು. ಸೊನ್ನೆ ಸೊಟ್ಟಗೇ ಬಂತು, ಸೊಂಟ ಮುರಿದ ಬದನೆಕಾಯಿ.

ಒದ್ದೆ ಬಟ್ಟೆ ಪಕ್ಕದಲ್ಲೇ ಇತ್ತು. ಮೊಟ್ಟೆಯಕ್ಕ ಅದನ್ನು ಮುಟ್ಟದೆ ಇನ್ನೊಂದು ಮೊಟ್ಟೆ ತೆಗೆದುಕೊಟ್ಟಳು.